ಧರ್ಮೇಶನ ಕಂಪ್ಯೂಟರ್ ಮಾತು ನಿಲ್ಲಿಸಿದ ಮಳೆಗಾಲ

ನನ್ನ ಹೆಸರು ಶಾಂತಪ್ಪ. ಹೆಸರಿಟ್ಟವರು ಮುಂದಾಲೋಚನೆ ಮಾಡಲಿಲ್ಲ. ನಮ್ಮ ಸಹಕಾರ ಸಂಘದ ಗೊಬ್ಬರದ ಗೋದಾಮು ನೋಡಿಕೊಳ್ಳುವುದು ನನ್ನ ಕೆಲಸ, ಸಿಟ್ಟು ಮಾಡಿಕೊಳ್ಳುವುದು ಉಪಕಸುಬು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅಂಥ ನಾನೇ ಸಿಟ್ಟಿನಲ್ಲಿ ನನಗಿಂತ ದೊಡ್ಡವನೊಬ್ಬನಿದ್ದಾನೆ ಎಂದು ಒಪ್ಪಿಕೊಂಡದ್ದು ಧರ್ಮೇಶ ಇಲ್ಲಿಗೆ ಗುಮಾಸ್ತನಾಗಿ ಬಂದ ಮೇಲೆ. ಅವನ ಕಥೆಯನ್ನೇ ಹೇಳುತ್ತಿದ್ದೇನೆ. ಸಂಘ ಕಕ್ಕಬೆ ಕಡೆಯ ರಸ್ತೆಯಲ್ಲಿದೆ ಎಂದಷ್ಟು ಹೇಳಿದರೆ ಸಾಕು, ಊರಿನ ಹೆಸರು ಬೇಡ. ಹೆಸರು ಹಾಕಿದರೆ ನಾಳೆಯೇ ಒಂದಷ್ಟು ಜನ ಗೋದಾಮಿನ ಬಾಗಿಲಿಗೆ ಬಂದು ನಿಲ್ಲುತ್ತಾರೆ, ನನಗೆ ಚೀಲ ಎಣಿಸುವ ಕೆಲಸವಿದೆ.

ಧರ್ಮೇಶನಿಗೆ ಕಣ್ಣು ಕಾಣುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅವನನ್ನು ನೋಡಿದವರೆಲ್ಲ ಇದೊಂದನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಅವನ ಮನೆಯವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ರೈತರು. ತಂದೆ ಸಣ್ಣಸ್ವಾಮಿ ಶುಂಠಿ, ಜೋಳ ಬೆಳೆಯುತ್ತಾರೆ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಹೋಗುವಾಗ ಹುಡುಗನ ಕಣ್ಣನ್ನೂ ತೆಗೆದುಕೊಂಡು ಹೋಯಿತು. ಆಗ ಊರಿನ ಹಿರಿಯರೆಲ್ಲ ಸೇರಿ ಕೊಟ್ಟ ಸಲಹೆ ಒಂದೇ, ಹಾರ್ಮೋನಿಯಂ ಕಲಿಸಿ, ಭಜನೆ ಹಾಡಿಕೊಂಡಿರುತ್ತಾನೆ ಎಂದು. ಧರ್ಮೇಶನ ಗಂಟಲು ಕೇಳಿದವರಿಗೆ ಗೊತ್ತು, ಅವನು ಹಾಡಿದರೆ ದೇವರೂ ಎದ್ದು ಹೋಗಬೇಕು. ಕಣ್ಣಿಲ್ಲದವರೆಲ್ಲ ಹಾಡಲೇಬೇಕೆಂದು ಯಾವ ಕಾನೂನಿನಲ್ಲಿದೆ ಎಂದು ಅವನು ಈಗಲೂ ಕೇಳುತ್ತಾನೆ. ಪುಣ್ಯಕ್ಕೆ ಸಣ್ಣಸ್ವಾಮಿ ಯಾರ ಮಾತನ್ನೂ ಕೇಳದೆ ಮಗನನ್ನು ಮೈಸೂರಿನ ಶಾಲೆಗೆ ಸೇರಿಸಿದರು. ಅಲ್ಲಿ ಅವನಿಗೆ ಬ್ರೈಲ್ ಬಂತು, ಕಂಪ್ಯೂಟರ್ ಬಂತು, ಜಗಳವಾಡುವುದೂ ಬಂತು.

ಜಗಳಕ್ಕೆ ಕಾರಣ ಹುಡುಕಿಕೊಂಡು ಅವನು ಹೋಗಬೇಕಾಗಿಯೇ ಇಲ್ಲ, ಅವೇ ಬರುತ್ತವೆ. ಬಸ್ಸಿನಲ್ಲಿ ಅವನಿಗೆ ಕಿವಿಯೂ ಕೇಳಿಸದೇನೋ ಎಂಬಂತೆ ಕಿರುಚಿ ಮಾತಾಡುತ್ತಾರೆ. ರಸ್ತೆ ದಾಟುವುದೇ ಬೇಡವೆಂದು ನಿಂತವನ ರೆಟ್ಟೆ ಹಿಡಿದು ಆಚೆ ದಾಟಿಸಿ, ಪುಣ್ಯ ಕಟ್ಟಿಕೊಂಡು ಹೋಗುತ್ತಾರೆ. ಒಮ್ಮೆ ನಾವಿಬ್ಬರೂ ಕಾಫಿಗೆ ಕೂತಿದ್ದಾಗ ಹೋಟೆಲಿನವನು ನನ್ನ ಮುಖ ನೋಡಿ, ಇವರಿಗೆ ಸಕ್ಕರೆ ಹಾಕಬೇಕೇ ಎಂದು ಕೇಳಿದ. ‘ನಾಲಿಗೆ ನಂದು, ನನ್ನೇ ಕೇಳು’ ಎಂದ ಧರ್ಮೇಶ, ಕಾಫಿ ಕುಡಿಯದೆ ಎದ್ದ. ನಾನೂ ಎದ್ದೆ. ಕಾಫಿ ಚೆನ್ನಾಗಿತ್ತು, ಆದರೂ ಎದ್ದೆ.

ಕೌಂಟರಿನಲ್ಲಿ ಮಾತ್ರ ಅವನ ಸಿಟ್ಟು ಇಳಿದಿರುತ್ತಿತ್ತು. ರೈತ ಬಂದು ಹೆಸರು ಹೇಳಿದರೆ ಸಾಕು, ಬೆರಳುಗಳು ಓಡುತ್ತಿದ್ದವು. ಕಂಪ್ಯೂಟರಿನಲ್ಲಿ ಪರದೆ ಓದಿ ಹೇಳುವ ತಂತ್ರಾಂಶವೊಂದಿತ್ತು, ಅದು ಅವನ ಕಿವಿಯ ಹೆಡ್‌ಫೋನಿನಲ್ಲಿ ಎಲ್ಲವನ್ನೂ ಓದಿ ಹೇಳುತ್ತಿತ್ತು. ನಾನೊಮ್ಮೆ ಕಿವಿಗಿಟ್ಟು ನೋಡಿದೆ, ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ, ಒಂದಕ್ಷರ ತಿಳಿಯಲಿಲ್ಲ. ಆ ವೇಗದಲ್ಲೇ ಅವನು ಕೇಳುತ್ತಿದ್ದ, ಒತ್ತುತ್ತಿದ್ದ, ಚೀಟಿ ಪ್ರಿಂಟಾಗುತ್ತಿತ್ತು. ಚೀಟಿ ಹಿಡಿದು ರೈತ ಗೋದಾಮಿಗೆ ಬಂದರೆ ನಾನು ಚೀಲ ಕೊಡಬೇಕು. ಧರ್ಮೇಶ ಬಂದ ಮೇಲೆ ನನಗೆ ಬೀಡಿ ಸೇದಲು ಪುರುಸೊತ್ತಿರಲಿಲ್ಲ.

ಮೊದಲ ಮಳೆಗಾಲದಲ್ಲಿ ಒಂದು ಸಂಗತಿ ನಡೆಯಿತು. ನಮ್ಮ ಕಡೆ ಮಳೆ ಹಿಡಿದರೆ ಜಿಗಣೆಗಳು ಜನರ ಕಾಲಿನ ಜೊತೆ ಆಫೀಸಿಗೂ ಬರುತ್ತವೆ. ನಾವು ಕಾಲು ನೋಡಿಕೊಂಡು ಕಿತ್ತೆಸೆಯುತ್ತೇವೆ. ಅವತ್ತು ಧರ್ಮೇಶನ ಕಾಲಿಗೆ ಹತ್ತಿದ್ದು ಹೊಟ್ಟೆ ತುಂಬ ಕುಡಿದು ಉದುರಿಹೋಗಿತ್ತು. ರಕ್ತ ಪ್ಯಾಂಟಿಗೆ ಹತ್ತಿ, ಚಪ್ಪಲಿಗೆ ಇಳಿದು, ನೆಲದ ಮೇಲೆ ಹರಿದಿತ್ತು. ಸಾಲಿನಲ್ಲಿ ನಿಂತವರು ನೋಡುತ್ತಿದ್ದರು. ಒಬ್ಬ ಅಯ್ಯೋ ಪಾಪ ಎಂದ, ಇನ್ನೊಬ್ಬ ಕಿಸಕ್ಕನೆ ನಕ್ಕ, ಅವನಿಗೆ ಹೇಳಿದವರು ಯಾರೂ ಇಲ್ಲ. ನಮ್ಮ ಅಟೆಂಡರ್ ಮುತ್ತಿ ಬಕೆಟ್ ತಂದು ಅವನ ಕಾಲು ಒರೆಸಲು ಕೂತಾಗಲೇ ಅವನಿಗೆ ಗೊತ್ತಾದದ್ದು. ಅವನು ಕಾಲು ಹಿಂದಕ್ಕೆ ಎಳೆದುಕೊಂಡು, ಕಂಡವರು ಬಾಯಿಬಿಟ್ಟು ಹೇಳಬೇಕು, ಕೇಳದೆ ನನ್ನ ಮೈ ಮುಟ್ಟಬಾರದು, ನನಗೆ ಯಾರ ಉಪಕಾರವೂ ಬೇಡ ಎಂದು ಇಡೀ ಆಫೀಸಿಗೆ ಕೇಳುವಂತೆ ಕೂಗಾಡಿದ. ಮುತ್ತಿ ನೆಲ ಒರೆಸಿ ಹೋದಳು.

ಕಂಪ್ಯೂಟರ್ ಕೆಡಲು ಶುರುವಾದದ್ದು ಮರುವರ್ಷದ ಮಳೆಗಾಲದಲ್ಲಿ. ಕೌಂಟರಿನ ಮುಂದೆ ರೈತರ ಸಾಲಿತ್ತು. ಧರ್ಮೇಶನ ಕಿವಿಯಲ್ಲಿ ಓದುತ್ತಿದ್ದ ದನಿ ಒಂದು ಅಕ್ಷರಕ್ಕೆ ಸಿಕ್ಕಿಕೊಂಡು ಗೊ ಗೊ ಗೊ ಗೊ ಎಂದು ತೊದಲಿತು, ಆಮೇಲೆ ನಿಂತೇಹೋಯಿತು. ನಮಗಾದರೆ ಪರದೆ ನೀಲಿಯಾದದ್ದು, ಅದರ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂದದ್ದು ಕಾಣುತ್ತದೆ. ಅವನಿಗೆ ಕಿವಿಯಲ್ಲಿ ಮೌನ, ಅಷ್ಟೆ. ಯಾವ ಕೀಲಿ ಒತ್ತಿದರೂ ಉತ್ತರವಿಲ್ಲ. ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ಹೊತ್ತು ನಡೆಯುತ್ತಿತ್ತು, ಮತ್ತೆ ಹಾಗೇ. ಬರಬರುತ್ತಾ ದಿನಕ್ಕೆ ಹಲವು ಸಲ ಆಗತೊಡಗಿತು, ರಜೆ ಮುಗಿದ ಮರುದಿನವಂತೂ ಹೇಳುವುದೇ ಬೇಡ. ಸಾಲಿನಲ್ಲಿ ಗೊಣಗಾಟ ಶುರುವಾಯಿತು. ಕುರುಡನನ್ನು ಕೂರಿಸಿದರೆ ಇನ್ನೇನಾಗುತ್ತದೆ ಎಂದು ಒಬ್ಬ ಹಿಂದಿನಿಂದ ಹೇಳಿದ್ದು ನನಗೆ ಗೋದಾಮಿಗೆ ಕೇಳಿಸಿತು. ಧರ್ಮೇಶನಿಗೆ ಕೇಳಿಸದೆ ಇರುತ್ತದೆಯೇ.

ಮಡಿಕೇರಿಯಿಂದ ನವೀನ್ ಎಂಬ ರಿಪೇರಿಯವನು ಬಂದ. ಧರ್ಮೇಶನನ್ನು ಒಂದು ಮಾತೂ ಕೇಳದೆ ಎಬ್ಬಿಸಿ ಕೂತ, ನೀಲಿ ಪರದೆ ನೋಡಿ ಡ್ರೈವರ್ ಪ್ರಾಬ್ಲಂ ಎಂದ. ಡ್ರೈವರ್ ಎಂದರೆ ನನಗೆ ಗೊಬ್ಬರದ ಲಾರಿ ತರುವವನು. ಅವನು ಹೇಳಿದ್ದು ಬೇರೆ. ಪ್ರಿಂಟರು, ಸ್ಪೀಕರು ಹೀಗೆ ಒಂದೊಂದು ಭಾಗವನ್ನು ನಡೆಸಲು ಕಂಪ್ಯೂಟರಿನೊಳಗೆ ಒಂದೊಂದು ಚಿಕ್ಕ ಪ್ರೋಗ್ರಾಂ ಇರುತ್ತದಂತೆ, ಅದು ಡ್ರೈವರು. ಮಾತಾಡುವ ತಂತ್ರಾಂಶಕ್ಕೂ ಸೌಂಡಿನ ಡ್ರೈವರಿಗೂ ಹೊಂದುವುದಿಲ್ಲ, ಅವೆರಡೂ ಒಳಗೆ ಗುದ್ದಾಡುತ್ತಿವೆ ಎಂದು ಅವನ ತೀರ್ಪು. ಕಂಪ್ಯೂಟರಿನ ಪೆಟ್ಟಿಗೆಯನ್ನು ಮಡಿಕೇರಿಗೆ ಒಯ್ದು, ಎಲ್ಲ ಅಳಿಸಿ ಹೊಸದಾಗಿ ಹಾಕಿದ. ಮಾತಾಡುವ ತಂತ್ರಾಂಶ ಹಾಕಲಿಲ್ಲ. ಅವನ ಅಂಗಡಿಯಲ್ಲಿ ಅದು ಒಂದು ವಾರ ಲಕ್ಷಣವಾಗಿ ನಡೆಯಿತು. ಇಲ್ಲಿಗೆ ಬಂತು, ಧರ್ಮೇಶ ತನ್ನ ತಂತ್ರಾಂಶ ಹಾಕಿಕೊಂಡ, ಭಾನುವಾರ ಕಳೆಯಿತು, ಸೋಮವಾರ ಮತ್ತೆ ನೀಲಿ.

ಇನ್ನೇನು ಬೇಕು. ನವೀನ ಗೆದ್ದ. ‘ನನ್ನ ಶಾಪಲ್ಲಿ ಓಕೆ ಇದೆ, ಇಲ್ಲಿ ಕ್ರ್ಯಾಶ್ ಆಗುತ್ತೆ ಅಂದ್ರೆ ಸಿಸ್ಟಮ್ ಪ್ರಾಬ್ಲಂ ಅಲ್ಲ ಸಾರ್, ಯೂಸ್ ಮಾಡೋರ ಪ್ರಾಬ್ಲಂ’ ಎಂದು ಸೆಕ್ರೆಟರಿಯ ಮುಂದೆ ಹೇಳಿದ. ಧರ್ಮೇಶ ಅಲ್ಲೇ ನಿಂತಿದ್ದ. ಒಳಗೆ ಬಿಚ್ಚಿ ನೋಡಿದಿರಾ, ಮೆಮೊರಿ ಪರೀಕ್ಷೆ ಮಾಡಿದಿರಾ ಎಂದು ಕೇಳಿದ. ಅದೆಲ್ಲ ಬೇಕಾಗಿಲ್ಲ ಎಂದ ನವೀನ, ಅದನ್ನೂ ಸೆಕ್ರೆಟರಿಗೆ ಹೇಳಿದ, ಕೇಳಿದವನಿಗೆ ಹೇಳಲಿಲ್ಲ.

ಸೆಕ್ರೆಟರಿ ಪೊನ್ನಪ್ಪನವರು ಕೆಟ್ಟವರಲ್ಲ. ನನಗೆ ಸಿಟ್ಟು ಬರುವುದೇ ಅದಕ್ಕೆ, ಕೆಟ್ಟವರಾಗಿದ್ದರೆ ಎರಡು ಬೈದು ಹಗುರಾಗಬಹುದಿತ್ತು. ಯಾರಿಗೂ ಗದರಿದವರಲ್ಲ, ಜೋರು ಮಳೆ ಬಂದ ದಿನ ಧರ್ಮೇಶನನ್ನು ತಮ್ಮ ಜೀಪಿನಲ್ಲಿ ರೂಮಿನವರೆಗೆ ಬಿಟ್ಟು ಬಂದವರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ಅವರು ಮಾಡಿದ ತೀರ್ಮಾನ ಹೀಗಿತ್ತು. ಮಾತಾಡುವ ತಂತ್ರಾಂಶ ತೆಗೆಸುವುದು. ಕೌಂಟರಿಗೆ ಠೇವಣಿ ವಿಭಾಗದ ಶೋಭಿತಾ ಬರುವುದು. ಧರ್ಮೇಶ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಫೋನ್ ಎತ್ತುವುದು. ‘ಸಂಬಳಕ್ಕೆ ಎಂಥ ತೊಂದ್ರೆಯೂ ಇಲ್ಲ ಮಾರಾಯ. ಆರಾಮಾಗಿ ಕೂತಿರು. ನಮಗೆಲ್ಲ ಇಂಥ ಭಾಗ್ಯ ಎಲ್ಲಿ’ ಎಂದು ಬೆನ್ನು ತಟ್ಟಿದರು.

ನಮ್ಮ ಸಂಘದ ಫೋನು ಬಡಿದುಕೊಂಡ ಕಾಲ ಹೋಗಿ ಎಷ್ಟೋ ಆಯಿತು, ಎಲ್ಲರ ಜೇಬಿನಲ್ಲೂ ಮೊಬೈಲಿದೆ. ಧರ್ಮೇಶ ಬೆಳಿಗ್ಗೆ ಬಂದು ಆ ಕುರ್ಚಿಯಲ್ಲಿ ಕೂರುತ್ತಿದ್ದ, ಸಂಜೆ ಏಳುತ್ತಿದ್ದ. ಬಂದವರು ಛತ್ರಿಯ ನೀರನ್ನು ಅವನ ಪಕ್ಕದಲ್ಲೇ ಕೊಡವುತ್ತಿದ್ದರು. ನಾನು ಊಟದ ಹೊತ್ತಿಗೆ ಅವನ ಹತ್ತಿರ ಹೋಗಿ ಕೂತು ಸೆಕ್ರೆಟರಿಯನ್ನು, ನವೀನನನ್ನು, ಅವರ ಹಿಂದಿನ ತಲೆಮಾರುಗಳನ್ನು ಬೈಯುತ್ತಿದ್ದೆ. ಒಂದು ದಿನ ಅವನು ಡಬ್ಬಿಯ ಮುಚ್ಚಳ ತೆಗೆಯದೆ ಹೇಳಿದ. ‘ಶಾಂತಣ್ಣ, ಕೆಲಸ ಕೊಡ್ದೆ ಸಂಬಳ ಕೊಡೋದು ಅಂದ್ರೆ ಏನ್ ಗೊತ್ತಾ. ಸತ್ತೋನ ಮುಂದೆ ಎಡೆ ಇಟ್ಟಂಗೆ. ಪ್ರೀತಿಯಿಂದ್ಲೇ ಇಡ್ತಾರೆ ಕಣಣ್ಣ. ಆದ್ರೆ ಅವ್ನು ಸತ್ತಿದಾನೆ ಅಂತ ಎಲ್ರೂ ಒಪ್ಕಂಡಿರ್ತಾರೆ.’ ಆಮೇಲೆ ನನ್ನ ಮೇಲೂ ಹರಿಹಾಯ್ದ. ಗೋದಾಮಿನಿಂದ ಬರುವಾಗ ಚಪ್ಪಲಿ ಕೊಡವಿಕೊಂಡು ಬರಬಾರದೇ, ದಿನಾ ಬೆಳಿಗ್ಗೆ ನನ್ನ ಕುರ್ಚಿಯ ಸುತ್ತ ಯೂರಿಯಾ ಕಾಳು ಚೆಲ್ಲಿರುತ್ತದೆ, ಕಾಲಡಿ ಕರಕರ ಎನ್ನುತ್ತದೆ ಎಂದು. ಬೆಳಿಗ್ಗೆ ನಾನು ಆ ಬಾಗಿಲಿನಿಂದ ಬರುವವನೇ ಅಲ್ಲ ಎಂದರೂ ಕೇಳಲಿಲ್ಲ. ನೊಂದಿದ್ದಾನೆ ಎಂದು ಸುಮ್ಮನಾದೆ.

ಇತ್ತ ಶೋಭಿತಾ ಕೂತ ಮೇಲೆ ಕಂಪ್ಯೂಟರ್ ಸರಿಹೋಯಿತೇ ಎಂದರೆ, ಇಲ್ಲ. ಮಾತಾಡುವ ತಂತ್ರಾಂಶದ ಸುಳಿವೇ ಇಲ್ಲದ ಪೆಟ್ಟಿಗೆ ಅವಳ ಕೈಯಲ್ಲೂ ನೀಲಿಯಾಗತೊಡಗಿತು. ಆದರೆ ಈಗ ಯಾರೂ ಬಳಸುವವರ ತಪ್ಪು ಎನ್ನಲಿಲ್ಲ. ಮಳೆಗಾಲವಲ್ಲವೇ, ಕರೆಂಟು ಸರಿಯಿಲ್ಲ, ವೋಲ್ಟೇಜ್ ಏರಿಳಿತ ಎಂದರು. ಹೊಸ ಯುಪಿಎಸ್ ಬಂತು. ಅವನ ಕೈಯಲ್ಲಿ ಕೆಟ್ಟರೆ ಅವನ ತಪ್ಪು, ಅವಳ ಕೈಯಲ್ಲಿ ಕೆಟ್ಟರೆ ಮಳೆಯ ತಪ್ಪು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂದು ಕೇಳಿದ್ದೆ, ಎಮ್ಮೆಗೆ ಬರೆ ಎಳೆದ ಮೇಲೂ ಎತ್ತಿನ ಜ್ವರ ಇಳಿಯದಿದ್ದಾಗ ಮಳೆಯನ್ನು ಬೈದದ್ದು ಮಾತ್ರ ಇಲ್ಲೇ ನೋಡಿದ್ದು. ಈ ಮಾತನ್ನು ನಾನು ಸೆಕ್ರೆಟರಿಯ ಮುಂದೆಯೇ ಆಡಿದೆ. ಶಾಂತಪ್ಪ, ಬಿಪಿ ಮಾತ್ರೆ ತಗೊಂಡ್ಯಾ ಎಂದು ಕೇಳಿ ನಕ್ಕರು.

ಧರ್ಮೇಶ ಮಾತ್ರ ಬಾಗಿಲಲ್ಲಿ ಕೂತು ಕಿವಿಗೊಟ್ಟಿದ್ದ. ಕಂಪ್ಯೂಟರ್ ಸತ್ತಾಗಲೆಲ್ಲ ಶೋಭಿತಾ ಮೇಜು ಗುದ್ದುವ ಸದ್ದು ಬರುತ್ತಿತ್ತು. ಅವನು ಅಲ್ಲಿಂದಲೇ, ನೀಲಿ ಪರದೆಯಲ್ಲಿ ಯಾವ ಹೆಸರು ಬಂದಿದೆ ಓದಮ್ಮ ಎನ್ನುತ್ತಿದ್ದ. ಅವಳು ಅಕ್ಷರ ಅಕ್ಷರವಾಗಿ ಓದಿ ಹೇಳುತ್ತಿದ್ದಳು. ಅವಳಿಗೆ ಕೌಂಟರಿನ ಕುರ್ಚಿ ಬೇಕಾಗಿಯೂ ಇರಲಿಲ್ಲ, ಸಾಲಿನವರ ಬೈಗುಳ ಈಗ ಅವಳ ಪಾಲಿಗೆ ಬಂದಿತ್ತು. ಆಗಸ್ಟಿನಲ್ಲಿ ಒಂದು ದಿನ ಪೊನ್ನಪ್ಪನವರು ಮೀಟಿಂಗಿಗೆಂದು ಮಡಿಕೇರಿಗೆ ಹೋಗಿದ್ದರು. ಊಟದ ಹೊತ್ತಿಗೆ ಸರಿಯಾಗಿ ಪೆಟ್ಟಿಗೆ ಮತ್ತೆ ಸತ್ತಿತು. ಧರ್ಮೇಶ ಎದ್ದು ಕೌಂಟರಿಗೆ ಬಂದ.

‘ಒಂದಿನ ಸೌಂಡಿನ ಡ್ರೈವರ್ ಹೆಸರು ಬಂತು, ಒಂದಿನ ಪ್ರಿಂಟರ್ದು, ಇನ್ನೊಂದಿನ ನೆಟ್ಟಿಂದು, ಇವತ್ತು ಡಿಸ್‌ಪ್ಲೇದು’ ಎಂದ. ‘ಡ್ರೈವರೇ ಕಳ್ಳ ಆಗಿದ್ರೆ ದಿನಾ ಅದೇ ಹೆಸ್ರು ಬರ್ಬೇಕಿತ್ತು. ದಿನಕ್ಕೊಬ್ರ ಮೇಲೆ ದೂರು ಹೇಳ್ತಿದೆ ಅಂದ್ರೆ ದೂರು ಹೇಳೋದ್ರ ತಲೇನೇ ಕೆಟ್ಟಿದೆ. ಮೆಮೊರಿ ಹಾಳಾಗಿದೆ. ನಾನು ಅವತ್ತೇ ಬಡ್ಕಂಡೆ.’

ಮೆಮೊರಿ ಪರೀಕ್ಷೆ ಕಂಪ್ಯೂಟರಿನಲ್ಲೇ ಇರುತ್ತದಂತೆ, ಆದರೆ ಅದು ನಡೆಯುವಾಗ ಮಾತಾಡುವ ತಂತ್ರಾಂಶ ಕೆಲಸ ಮಾಡುವುದಿಲ್ಲ. ಅದಕ್ಕೆ ಕಣ್ಣು ಬೇಕು. ಶೋಭಿತಾ ಓದಿದಳು, ಅವನು ಹೇಳಿದ ಕೀಲಿ ಒತ್ತಿದಳು, ನಾವು ಅಲ್ಲೇ ನಿಂತು ಊಟ ಮಾಡಿದೆವು. ಕೊನೆಗೆ, ಹಾರ್ಡ್‌ವೇರಿನಲ್ಲಿ ದೋಷ ಕಂಡುಬಂದಿದೆ ಎಂದು ಪರದೆಯ ಮೇಲೆ ಬಂತು. ಅವಳು ಓದಿದಾಗ ನಾನು ಕುಣಿಯುವುದೊಂದು ಬಾಕಿ. ಧರ್ಮೇಶನ ಮುಖ ಬಿಗಿಯಿತು. ಮೊದಲ ದಿನವೇ ನವೀನ ಮಾಡಬೇಕಾಗಿದ್ದ ಪರೀಕ್ಷೆ ಇದು. ಮಾಡಿದ್ದರೆ ಧರ್ಮೇಶನನ್ನು ಕೌಂಟರಿನಿಂದ ಯಾರೂ ಎಬ್ಬಿಸುತ್ತಿರಲಿಲ್ಲ.

ವಯರುಗಳನ್ನು ಕಳಚಿ, ಮೇಜಿನ ಕೆಳಗಿನ ಕತ್ತಲೆಯಿಂದ ಪೆಟ್ಟಿಗೆಯನ್ನು ನಾನು ಈಚೆಗೆ ಎಳೆದೆ. ಅದರ ನೆತ್ತಿಯಲ್ಲಿ ಬಿಸಿಗಾಳಿ ಹೋಗಲು ಜಾಲರಿಯಿದೆ, ಜಾಲರಿಯ ಮೇಲೆ ಒದ್ದೆ ಬಟ್ಟೆಯ ಗಂಟೊಂದಿತ್ತು. ಒರೆಸುವ ಬಟ್ಟೆ ಇರಬೇಕೆಂದು ಪಕ್ಕಕ್ಕೆ ಎಸೆದೆ. ಪಕ್ಕದ ತಗಡು ಬಿಚ್ಚಿಕೊಟ್ಟೆ. ಧರ್ಮೇಶ ನೆಲದ ಮೇಲೆ ಕೂತು ಒಳಗೆ ಕೈಯಿಟ್ಟ. ಬೆರಳು ಮೆಲ್ಲಗೆ ಅಲ್ಲಿ ಇಲ್ಲಿ ಸವರಿ, ಮೆಮೊರಿಯ ಎರಡು ಪಟ್ಟಿಗಳು ನಿಂತ ಜಾಗಕ್ಕೆ ಬಂದು ನಿಂತಿತು. ಏನೋ ಒದ್ದೆಯಾಗಿದೆ, ತರಿತರಿಯಾಗಿದೆ ಎಂದ. ಬೆರಳನ್ನು ಮೂಸಿದ. ಆಮೇಲೆ ನಾಲಿಗೆಗೆ ಮುಟ್ಟಿಸಿಕೊಂಡ.

‘ಉಪ್ಪು’ ಎಂದ.

ಕಂಪ್ಯೂಟರಿನೊಳಗೆ ಉಪ್ಪು ಎಲ್ಲಿಂದ ಬಂತು ಎಂದು ನಾನೂ ಶೋಭಿತಾಳೂ ಮುಖ ನೋಡಿಕೊಂಡೆವು. ಅವನು ತಲೆಯೆತ್ತಿ, ಶಾಂತಣ್ಣ, ನನ್ನ ಕುರ್ಚಿ ಕೆಳಗೆ ಕರಕರ ಅನ್ನುವುದು ಯೂರಿಯಾ ಅಲ್ಲ ಎಂದ. ಅಷ್ಟರಲ್ಲಿ ಬಾಗಿಲಲ್ಲಿ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಮುತ್ತಿ ನಿಂತಿದ್ದಳು.

‘ನಾನೇ ಇಟ್ಟದ್ದು ಸಾರೇ’ ಎಂದಳು.

ಹೊರಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜಿಗಣೆಗೆ ಉಪ್ಪು ಬಿದ್ದರೆ ಸಾಕು, ಮುದುಡಿ ಉದುರುತ್ತದೆ. ಅದಕ್ಕೆ ತೋಟದಲ್ಲಿ ಕೆಲಸ ಮಾಡುವವರೆಲ್ಲ ಹರಕು ಬಟ್ಟೆಯಲ್ಲಿ ಉಪ್ಪಿನ ಗಂಟು ಕಟ್ಟಿಕೊಂಡಿರುತ್ತಾರೆ. ಮಳೆಗಾಲದಲ್ಲಿ ಉಪ್ಪು ಗಾಳಿಗೇ ನೀರಾಗುತ್ತದೆ, ಹಾಗಾಗಿ ಮನೆಯಲ್ಲಿ ಗಂಟು ಒಲೆಯ ಪಕ್ಕದಲ್ಲೇ ಇರಬೇಕು. ಧರ್ಮೇಶನ ಕಾಲಿನ ರಕ್ತ ಕಂಡ ಮೇಲೆ ಮುತ್ತಿ ಪ್ರತಿದಿನ ಅವನು ಬರುವ ಮೊದಲು ಅವನು ಕಾಲಿಡುವ ಜಾಗದ ಸುತ್ತ ಉಪ್ಪು ಉದುರಿಸತೊಡಗಿದ್ದಳು. ಗಂಟು ಇಡಲು ಆಫೀಸಿನಲ್ಲಿ ಒಲೆಯೆಲ್ಲಿದೆ. ಇಡೀ ಆಫೀಸಿನಲ್ಲಿ ಬೆಚ್ಚಗಿದ್ದ ಜಾಗ ಒಂದೇ, ಕಂಪ್ಯೂಟರಿನ ನೆತ್ತಿ. ಆ ಎರಡನೆಯ ಮಳೆಗಾಲದಿಂದ ಅವಳು ಅಲ್ಲಿಡತೊಡಗಿದಳು. ಹಗಲು ಅದು ಒಲೆಯ ಹಾಗೆ ಬೆಚ್ಚಗಿರುತ್ತಿತ್ತು, ಸರಿ. ಆಫೀಸು ಮುಚ್ಚಿದ ಮೇಲೆ, ರಜೆಯ ದಿನ, ಒಲೆ ಆರುತ್ತಿತ್ತು. ಉಪ್ಪು ತೇವ ಕುಡಿದು, ನೀರೊಡೆದು, ಜಾಲರಿಯ ತೂತಿನಿಂದ ಹನಿಹನಿಯಾಗಿ ಮೆಮೊರಿಯ ಮೇಲೆ ಇಳಿಯುತ್ತಿತ್ತು. ಪೆಟ್ಟಿಗೆ ಮಡಿಕೇರಿಗೆ ಹೋದಾಗ ಗಂಟು ಅವಳ ಕೈಯಲ್ಲೇ ಇತ್ತು, ಅಲ್ಲಿ ಎಲ್ಲ ಒಣಗಿ ಸರಿಯಾಗಿ ನಡೆದಿತ್ತು. ಅವನನ್ನು ಬಾಗಿಲಿಗೆ ಕಳಿಸಿದ ಮೇಲೂ ಅವಳು ಬಿಡಲಿಲ್ಲ, ಗಂಟು ಇಲ್ಲೇ ಇಟ್ಟು ಉಪ್ಪು ಅಲ್ಲಿ ಚೆಲ್ಲುತ್ತಿದ್ದಳು.

ಧರ್ಮೇಶ ಎದ್ದು ನಿಂತ. ಅಂಥ ಸಿಟ್ಟನ್ನು ನಾನು ಅವನಲ್ಲೂ ಕಂಡಿರಲಿಲ್ಲ. ‘ಕಚ್ಚಿದ್ರೆ ಒಂದು ಲೋಟ ರಕ್ತ ಹೋಗ್ತಿತ್ತು ಮುತ್ತಿಯಕ್ಕ, ಅಷ್ಟೇಯ. ನೀವು ನನ್ನ ಕೆಲಸಾನೇ ಕಳೆದ್ರಿ. ನಂಗೆ ಒಂದು ಮಾತು ಹೇಳಕ್ಕೆ ಏನಾಗಿತ್ತು. ನನ್ನ ಕಾಲಿನ ವಿಷ್ಯ ನಂಗೇ ಹೇಳಬಾರ್ದಾ’ ಎಂದು ಕೇಳಿದ.

ಮುತ್ತಿ ಹೆದರಲಿಲ್ಲ. ‘ಹೇಳಿದ್ರೆ ಬೇಡ ಹೇಳ್ತಿದ್ರಿ. ಅವತ್ತು ನೆಲ ಒರೆಸಿದ್ದು ನಾನು. ಎಷ್ಟು ರಕ್ತ ಅಂತ ನೀವು ಕಂಡಿಲ್ಲ ಸಾರೇ, ನಾನು ಕಂಡಿದ್ದೇನೆ’ ಎಂದಳು.

ಧರ್ಮೇಶ ಮತ್ತೆ ನೆಲದ ಮೇಲೆ ಕೂತು, ಶೋಭಿತಾ, ಪೆನ್ಸಿಲ್ ಅಳಿಸುವ ರಬ್ಬರ್ ಕೊಡು ಎಂದ. ಪಕ್ಕದ ಔಷಧಿ ಅಂಗಡಿಯಿಂದ ನಾನು ಸ್ಪಿರಿಟ್ ತಂದೆ. ಮೆಮೊರಿಯ ಪಟ್ಟಿಗಳನ್ನು ಹೊರತೆಗೆದು, ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ, ಒರೆಸಿ, ಒಣಗಿಸಿ, ಒಂದೊಂದನ್ನೇ ಹಾಕಿ ಪರೀಕ್ಷೆ ಮಾಡಿದೆವು. ಒಂದು ಸತ್ತೇಹೋಗಿತ್ತು. ಇನ್ನೊಂದನ್ನು ಬೇರೆ ಸಂದಿಗೆ ಹಾಕಿದಾಗ ಒಂದೂ ತಪ್ಪು ತೋರಿಸಲಿಲ್ಲ. ಮಾತಾಡುವ ತಂತ್ರಾಂಶವನ್ನೂ ಧರ್ಮೇಶ ಮತ್ತೆ ಹಾಕಿದ. ಒಂದು ವಾರ ಶೋಭಿತಾಳೇ ಕೂತಳು, ಕಂಪ್ಯೂಟರ್ ನೀಲಿಯಾಗಲಿಲ್ಲ. ಭಾನುವಾರ ಕಳೆದು ಸೋಮವಾರ ಬಂದರೂ ಆಗಲಿಲ್ಲ. ಇನ್ನು ಯಾರಿಗೂ ಯಾವ ನೆಪವೂ ಉಳಿದಿರಲಿಲ್ಲ ಎಂದು ನಾನು ತಿಳಿದೆ. ನನಗೆ ವಯಸ್ಸಾಗಿದೆ, ಬುದ್ಧಿ ಬಂದಿಲ್ಲ.

ಸೋಮವಾರ ಬೆಳಿಗ್ಗೆ ಮುತ್ತಿ ತಾನಾಗಿ ಸೆಕ್ರೆಟರಿಯ ಕೋಣೆಗೆ ಹೋಗಿ ಎಲ್ಲ ಹೇಳಿದಳು. ಅವಳದು ದಿನಗೂಲಿಯ ಕೆಲಸ, ತೆಗೆದರೆ ಕೇಳುವವರಿಲ್ಲ, ನಾನು ಜಗಳಕ್ಕೆ ಸೊಂಟ ಕಟ್ಟಿಕೊಂಡೇ ಬಾಗಿಲಲ್ಲಿ ನಿಂತಿದ್ದೆ. ಪೊನ್ನಪ್ಪನವರು ಬೈಯಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬಂದು ಸಾಲಿನಲ್ಲಿದ್ದವರಿಗೆಲ್ಲ ಹೇಳಿದರು, ನಮ್ಮ ಮುತ್ತಿ ಕಂಪ್ಯೂಟರಿಗೆ ಉಪ್ಪು ಹಾಕಿ ಉಪ್ಪಿನಕಾಯಿ ಮಾಡಿದ್ದಾಳೆ ಎಂದು. ನವೀನನಿಗೆ ಫೋನ್ ಮಾಡಿದರು, ಅವನೂ ಆ ಕಡೆಯಿಂದ ನಕ್ಕ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮುತ್ತಿ ಉಳಿದಳಲ್ಲ ಎಂದು ನಿಜಕ್ಕೂ ಸಂತೋಷವಾಗಿತ್ತು. ಅವಳು ಮಾಡಿದ ತಪ್ಪು ಒಂದು ಗಳಿಗೆಯಲ್ಲಿ ನಗೆಯಾಗಿ ಮುಗಿಯಿತು. ಧರ್ಮೇಶ ಮಾಡದ ತಪ್ಪಿಗೆ ಅವನು ಮಳೆಗಾಲವಿಡೀ ಬಾಗಿಲಲ್ಲಿ ಕೂತಿದ್ದ, ಅವನಿಗೆ ಯಾರೂ ಒಂದು ಮಾತು ಹೇಳಲಿಲ್ಲ.

ಅವನು ಕೌಂಟರಿನ ಪಕ್ಕ ನಿಂತು ನಗು ಮುಗಿಯಲಿ ಎಂದು ಕಾಯುತ್ತಿದ್ದ. ಮುಗಿದ ಮೇಲೆ, ಸಾರ್, ಹಾಗಾದರೆ ಇವತ್ತಿನಿಂದ ನಾನು ಕೂರುತ್ತೇನೆ ಎಂದ.

ಪೊನ್ನಪ್ಪನವರು ಅವನ ಹೆಗಲ ಮೇಲೆ ಕೈಯಿಟ್ಟರು. ‘ಸರಿ ಆಯ್ತಲ್ಲ, ಒಳ್ಳೇದಾಯ್ತು ಮಾರಾಯ. ಶೋಭಿತಾ ಈಗ ರೂಢಿ ಮಾಡಿಕೊಂಡಿದ್ದಾಳೆ, ಅವಳೇ ಇರಲಿ. ನಿನಗೆ ಯಾಕೆ ಸುಮ್ಮನೆ ಕಷ್ಟ.’

ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಬಾಯಿ ತೆರೆದೂ ಆಗಿತ್ತು, ಧರ್ಮೇಶ ನನ್ನ ಕಡೆ ಕೈ ತೋರಿಸಿ ಸುಮ್ಮನಿರಿಸಿದ. ಹೆಗಲ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದ. ಅವನ ದನಿ ಏರಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು.

‘ಮಿಷನ್ ಕೆಟ್ಟದೆ ಅಂತ ನನ್ನ ಎಬ್ಬಿಸಿದ್ರಿ ಸಾರ್. ಈಗ ಮಿಷನ್ ಕೆಟ್ಟಿಲ್ಲ. ಯಾಕೆ ಕೂರಬಾರ್ದು ಅಂತ ಹೇಳಿ. ಎಲ್ರೂ ಇಲ್ಲೇ ಅವ್ರೆ, ಕೇಳಿಸೋ ಹಾಗೆ ಹೇಳಿ.’

ಪೊನ್ನಪ್ಪನವರು ಹಾಗಲ್ಲ ಧರ್ಮೇಶ, ನಿನ್ನ ಒಳ್ಳೆಯದಕ್ಕೇ ಎಂದರು. ಒಳ್ಳೆಯದು ಆಮೇಲೆ, ಕಾರಣ ಹೇಳಿ ಎಂದ ಅವನು. ಜನ ಕಾಯುತ್ತಿದ್ದಾರೆ, ಆಮೇಲೆ ಮಾತಾಡೋಣ ಎಂದರು. ಅವರೂ ಕೇಳಲಿ ಎಂದ. ಕಾರಣ ಏನೆಂದು ಅಲ್ಲಿ ನಿಂತ ಪ್ರತಿಯೊಬ್ಬನಿಗೂ ಗೊತ್ತಿತ್ತು, ಅದು ಪೊನ್ನಪ್ಪನವರ ನಾಲಿಗೆಯ ತುದಿಯಲ್ಲೇ ಇತ್ತು. ಅದೊಂದು ಮಾತನ್ನು ಅಷ್ಟು ಜನರ ಎದುರು, ಆ ಮುಖಕ್ಕೆ ಹೇಳುವ ಧೈರ್ಯ ಮಾತ್ರ ಅವರಿಗಿರಲಿಲ್ಲ. ನೆಲ ನೋಡಿದರು, ಗಡಿಯಾರ ನೋಡಿದರು, ಒಂದು ಫೋನ್ ಮಾಡಬೇಕೆಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಶೋಭಿತಾ ತನ್ನ ಬ್ಯಾಗು, ನೀರಿನ ಬಾಟಲಿ ಎತ್ತಿಕೊಂಡು ಎದ್ದಳು. ಧರ್ಮೇಶ ಕುರ್ಚಿಯ ಬೆನ್ನು ಮುಟ್ಟಿ ನೋಡಿ ಕೂತ, ಹೆಡ್‌ಫೋನ್ ಹಾಕಿಕೊಂಡ, ಮೊದಲು ಯಾರಿದ್ದೀರಿ, ಹೆಸರು ಹೇಳಿ ಎಂದ. ಸಾಲಿನ ಮುಂದೆ ನಿಂತವನು ಸೆಕ್ರೆಟರಿಯ ಮುಚ್ಚಿದ ಬಾಗಿಲನ್ನೊಮ್ಮೆ ನೋಡಿ, ಗಂಟಲು ಸರಿ ಮಾಡಿಕೊಂಡು ಹೆಸರು ಹೇಳಿದ. ಚೀಟಿ ಬಂತು. ನಾನು ಚೀಲ ಎತ್ತಲು ಹೋದೆ.

ಇದಾಗಿ ವರ್ಷದ ಮೇಲಾಯಿತು. ಆ ಕಾರಣವನ್ನು ಪೊನ್ನಪ್ಪನವರು ಇವತ್ತಿನವರೆಗೂ ಬಾಯಿಬಿಟ್ಟು ಹೇಳಿಲ್ಲ, ಧರ್ಮೇಶನೂ ಕೇಳುವುದು ಬಿಟ್ಟಿಲ್ಲ. ಪ್ರತಿದಿನ ಬೆಳಿಗ್ಗೆ ಛತ್ರಿ ಮಡಚಿ, ಮೊದಲು ಅವರ ಕೋಣೆಯ ಬಾಗಿಲಿಗೆ ಹೋಗಿ ನಿಂತು ನಮಸ್ಕಾರ ಹೇಳುತ್ತಾನೆ. ಆಮೇಲೆ ಕೇಳುತ್ತಾನೆ, ‘ಇವತ್ತು ಹೇಳ್ತೀರಾ ಸಾರ್.’ ಅವರು ಕಡತದಿಂದ ತಲೆಯೆತ್ತುವುದಿಲ್ಲ. ‘ಹೋಗಪ್ಪ, ಹೋಗಿ ನಿನ್ನ ಸೀಟಲ್ಲಿ ಕೂತ್ಕೋ’ ಎನ್ನುತ್ತಾರೆ. ಅವನು ಹೋಗಿ ಕೂರುತ್ತಾನೆ.